ಗಂಜಿಯ ಹಬೆಯಿಂದ ಶುರು: ಚೀನೀ ವೈದ್ಯದ ಮೊದಲ ಪಾಠಗಳು

ಚೀನೀ ವೈದ್ಯ ಕಲಿಯಲು ಹೊರಟವರಿಗೆ ಮೊದಲು ಎದುರಾಗುವ ಪದ 'ಚೀ'. ಇದನ್ನು 'ಪ್ರಾಣಶಕ್ತಿ' ಎಂದು ಕನ್ನಡಕ್ಕೆ ತಂದು ಮುಂದೆ ಹೋಗುವವರೇ ಹೆಚ್ಚು. ಆಮೇಲೆ ಎಲ್ಲವೂ ಮಂತ್ರದ ಹಾಗೆ ಕೇಳಿಸತೊಡಗುತ್ತದೆ. ಆ ಪದದ ಹಳೆಯ ಬರಹರೂಪದಲ್ಲಿ ಎರಡು ಭಾಗಗಳಿವೆ: ಒಂದು ಹಬೆ, ಅದರ ಕೆಳಗೆ ಅಕ್ಕಿ. ಕುಚ್ಚಲಕ್ಕಿ ಗಂಜಿ ಕೊತಕೊತ ಕುದಿಯುವಾಗ ಮುಚ್ಚಳ ಸರಿಸಿ ನೋಡಿ. ಮುಖಕ್ಕೆ ಹೊಡೆಯುವ ಹಬೆಯಲ್ಲಿ ಬಿಸಿ ಇದೆ, ನೀರಿದೆ, ಅಕ್ಕಿಯ ಪರಿಮಳ ಇದೆ, ಮುಚ್ಚಳ ಎತ್ತಿ ಕುಣಿಸುವ ಬಲವೂ ಇದೆ. ಚೀ ಅಂದರೆ ಹೆಚ್ಚುಕಡಿಮೆ ಅಷ್ಟೇ. ಉಂಡ ಅನ್ನ, ಎಳೆದ ಉಸಿರು ಎರಡೂ ಸೇರಿ ಮೈಯೊಳಗೆ ಕೆಲಸ ಮಾಡುವ ಬಲ. ಒಲೆ ಮಂದವಾದರೆ ಅಕ್ಕಿ ಬೇಯುವುದಿಲ್ಲ, ಹಬೆ ಏಳುವುದಿಲ್ಲ, ಪಾತ್ರೆಯ ತುಂಬ ನೀರು ನೀರಾಗಿಯೇ ಉಳಿಯುತ್ತದೆ. ಈ ಚಿತ್ರವನ್ನು ತಲೆಯಲ್ಲಿಟ್ಟುಕೊಂಡರೆ ಮಂಗಳೂರು, ಉಡುಪಿಯ ಮಳೆಗಾಲದ ಮೈಭಾರವನ್ನು ಚೀನೀ ವೈದ್ಯರು ಹೇಗೆ ನೋಡುತ್ತಾರೆ ಎಂಬುದು ಅರ್ಧ ತಿಳಿದ ಹಾಗೆ.

ಶುರು ಮಾಡುವ ಮೊದಲು ಒಂದು ಮಾತು. ನಮ್ಮ ಜಿಲ್ಲೆಗಳಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರ ಮೂರೂ ಇವೆ. ಜ್ವರ ಬಂದರೆ ನಾಲಿಗೆ ನೋಡುತ್ತಾ ಕೂರಬೇಡಿ, ರಕ್ತಪರೀಕ್ಷೆ ಮಾಡಿಸಿ. ಮುಂದೆ ಬರೆದಿರುವುದೆಲ್ಲ ಆ ಪರೀಕ್ಷೆ ಆದ ಮೇಲಿನ ಮಾತು.

ಎಷ್ಟು ಹಳೆಯದು?

'ಐದು ಸಾವಿರ ವರ್ಷದ ವಿದ್ಯೆ' ಎಂದು ಫಲಕಗಳಲ್ಲಿ ಕಾಣುತ್ತದೆ. ಕೈಗೆ ಸಿಕ್ಕ ಬರಹಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಕ್ರಿ.ಪೂ. 168ರಲ್ಲಿ ಮುಚ್ಚಿದ ಮಾವಾಂಗ್‌ದುಯಿ ಸಮಾಧಿಯಲ್ಲಿ ಸಿಕ್ಕ ಬರಹಗಳಲ್ಲಿ ಮೈಯ ನಾಳಗಳ ವಿವರ ಇದೆ, ಅವುಗಳ ಮೇಲೆ ಶಾಖ ಕೊಡುವ ಮಾತು ಇದೆ, ಸೂಜಿ ಚುಚ್ಚುವ ಮಾತು ಇಲ್ಲ. ಸೂಜಿಯ ಶಾಸ್ತ್ರ ಬೆಳೆದದ್ದು ಅದರ ನಂತರ. ಇಂದು ಪಾಠ ಹೇಳುವ ರೂಪವಂತೂ ಇನ್ನೂ ಹೊಸದು. ಬೇರೆ ಬೇರೆ ಮನೆತನಗಳ, ಬೇರೆ ಬೇರೆ ಊರುಗಳ ಪದ್ಧತಿಗಳನ್ನು ಒಂದೇ ಪಠ್ಯಕ್ಕೆ ತಂದು 1956ರಲ್ಲಿ ಬೀಜಿಂಗ್, ಶಾಂಘೈ, ಗುವಾಂಗ್‌ಝೌ, ಚೆಂಗ್ಡುಗಳಲ್ಲಿ ಸರಕಾರಿ ಕಾಲೇಜುಗಳನ್ನು ತೆರೆದರು. ಒಂದೇ ವಿಷಯಕ್ಕೆ ಎರಡು ವಿವರಣೆ ಸಿಕ್ಕಾಗ ಗಾಬರಿಯಾಗಬೇಡಿ. ಹೊಲಿದು ಜೋಡಿಸಿದ ಬಟ್ಟೆಯಲ್ಲಿ ಹೊಲಿಗೆ ಕಾಣುವುದು ಸಹಜ.

ನೆರಳಿನ ಮೈ, ಬಿಸಿಲಿನ ಮೈ

ಯಿನ್ ಎಂದರೆ ಮೂಲದಲ್ಲಿ ಗುಡ್ಡದ ನೆರಳಿನ ಮೈ, ಯಾಂಗ್ ಎಂದರೆ ಬಿಸಿಲು ಬೀಳುವ ಮೈ. ಗುಡ್ಡ ಒಂದೇ. ಬೆಳಿಗ್ಗೆ ನೆರಳಿದ್ದ ಕಡೆ ಸಂಜೆ ಬಿಸಿಲು. ಹೆಣ್ಣು-ಗಂಡು, ಒಳ್ಳೆಯದು-ಕೆಟ್ಟದ್ದು ಎಂದು ಇದನ್ನು ಕಲಿಸುವವರ ಹತ್ತಿರ ಮುಂದಿನ ಪಾಠ ಕೇಳುವುದು ಬೇಡ. ವೈದ್ಯದಲ್ಲಿ ಕೇಳುವ ಪ್ರಶ್ನೆ ಸರಳವಾಗಿದೆ: ಈ ಮೈಯಲ್ಲಿ ಈಗ ಬಿಸಿ ಹೆಚ್ಚೋ, ತಂಪು ಹೆಚ್ಚೋ? ಬಿಸಿ ಕಾಣುತ್ತಿರುವುದು ಬೆಂಕಿ ಜೋರಾಗಿದ್ದರಿಂದಲೋ, ತಣಿಸುವ ನೀರು ಬತ್ತಿದ್ದರಿಂದಲೋ? ಎರಡನೆಯ ಪ್ರಶ್ನೆಯೇ ಮುಖ್ಯ. ಮಧ್ಯಾಹ್ನದ ಮೇಲೆ ಅಂಗೈ-ಅಂಗಾಲು ಉರಿಯುವ, ರಾತ್ರಿ ಬೆವರುವ, ನಾಲಿಗೆ ಕೆಂಪಗೆ ಒಣಗಿದ ಸಣಕಲು ಮನುಷ್ಯನಿಗೂ ಮೈ ಬಿಸಿ. ಗಂಟಲು ಕೆಂಪಾಗಿ ಕೆಂಡದಂತಹ ಜ್ವರ ಬಂದವನಿಗೂ ಮೈ ಬಿಸಿ. ಎರಡನೆಯವನಿಗೆ ಬೆಂಕಿ ಆರಿಸಬೇಕು, ಮೊದಲನೆಯವನಿಗೆ ನೀರು ತುಂಬಬೇಕು. ಇಬ್ಬರಿಗೂ 'ಉಷ್ಣ ಆಗಿದೆ' ಎಂದು ಬೊಂಡ ಕುಡಿಸಿ ಕಳಿಸುವುದು ನಮ್ಮ ಅಭ್ಯಾಸ. ಚೀನೀ ವೈದ್ಯ ಇಲ್ಲಿ ಒಂದು ಹೆಜ್ಜೆ ಹೆಚ್ಚು ನಡೆಯುತ್ತದೆ.

ಐದು ತತ್ತ್ವಗಳು ಮರ, ಬೆಂಕಿ, ಮಣ್ಣು, ಲೋಹ, ನೀರು. ನಮ್ಮ ಪಂಚಭೂತಗಳೊಂದಿಗೆ ಇವನ್ನು ಹೊಂದಿಸಲು ಹೋಗಬೇಡಿ, ಹೊಂದುವುದಿಲ್ಲ. ಅಲ್ಲಿ ಆಕಾಶವೂ ಇಲ್ಲ, ಗಾಳಿಯೂ ಇಲ್ಲ. ಪಂಚಭೂತ ಎಂದರೆ ವಸ್ತುಗಳು ಯಾವುದರಿಂದ ಆದವು ಎಂಬ ಲೆಕ್ಕ. ಇವು ಒಂದರ ನಂತರ ಒಂದು ಬರುವ ಹಂತಗಳು, ಋತುಗಳ ಹಾಗೆ. ಮರ ಬೆಂಕಿಯನ್ನು ಪೋಷಿಸುತ್ತದೆ, ಬೆಂಕಿ ಬೂದಿಯಾಗಿ ಮಣ್ಣಾಗುತ್ತದೆ, ಮಣ್ಣಿನಿಂದ ಲೋಹ, ಲೋಹದಿಂದ ನೀರು, ನೀರಿನಿಂದ ಮತ್ತೆ ಮರ. ಒಂದನ್ನೊಂದು ಹಿಡಿತದಲ್ಲಿಡುವ ಇನ್ನೊಂದು ಸುತ್ತೂ ಇದೆ: ಮರ ಮಣ್ಣನ್ನು, ಮಣ್ಣು ನೀರನ್ನು, ನೀರು ಬೆಂಕಿಯನ್ನು, ಬೆಂಕಿ ಲೋಹವನ್ನು, ಲೋಹ ಮರವನ್ನು. ಯಕೃತ್ತು ಮರಕ್ಕೆ, ಹೃದಯ ಬೆಂಕಿಗೆ, ಗುಲ್ಮ ಮಣ್ಣಿಗೆ, ಶ್ವಾಸಕೋಶ ಲೋಹಕ್ಕೆ, ಮೂತ್ರಪಿಂಡ ನೀರಿಗೆ ಸೇರಿದವು. ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ಕಿವುಚಿ ಭೇದಿಯಾಗುವ ಹುಡುಗನನ್ನು ನೋಡಿ ಚೀನೀ ವೈದ್ಯರು 'ಮರ ಮಣ್ಣನ್ನು ಒತ್ತುತ್ತಿದೆ' ಎನ್ನುತ್ತಾರೆ. ಒತ್ತಡ ಯಕೃತ್ತಿನದು, ಪೆಟ್ಟು ಜೀರ್ಣಕ್ಕೆ. ಇಷ್ಟು ಗೊತ್ತಿದ್ದರೆ ಸಾಕು. ಬಣ್ಣ, ರುಚಿ, ದಿಕ್ಕು, ಸ್ವರ ಎಂದು ಐದೈದರ ಕೋಷ್ಟಕವನ್ನು ಉರುಹೊಡೆಯುವುದರಲ್ಲಿ ತಿಂಗಳು ಕಳೆಯುವವರು ಒಬ್ಬ ರೋಗಿಯನ್ನೂ ಸರಿಯಾಗಿ ನೋಡಲಾರರು.

ಇಲ್ಲೇ ಇನ್ನೊಂದು ಎಡವು ಇದೆ. ಚೀನೀ ವೈದ್ಯರ 'ಗುಲ್ಮ' ಎಂದರೆ ಸ್ಕ್ಯಾನಿಂಗಿನಲ್ಲಿ ಕಾಣುವ ಗುಲ್ಮ ಅಲ್ಲ. ಅವರ ಮಾತಿನಲ್ಲಿ ಅದು 'ಪಿ': ಉಂಡದ್ದನ್ನು ಚೀ ಮಾಡುವ, ನೀರನ್ನು ಹಂಚುವ, ರಕ್ತವನ್ನು ನಾಳದೊಳಗೆ ಹಿಡಿದಿಡುವ ಇಡೀ ವ್ಯವಸ್ಥೆ. 'ನಿಮ್ಮ ಕಿಡ್ನಿ ವೀಕಾಗಿದೆ' ಎಂದು ನಾಡಿ ಹಿಡಿದವರು ಹೇಳಿದರೆ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಹೆಚ್ಚಿದೆ ಎಂದು ಹೆದರಬೇಕಾಗಿಲ್ಲ. ಕ್ರಿಯಾಟಿನಿನ್ ಹೆಚ್ಚಿದ್ದವರು 'ನಾಡಿ ಚೆನ್ನಾಗಿದೆಯಂತೆ' ಎಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ.

ಒಂದೇ ಮಳೆ, ಮೂರು ಮೈ

ಕೆಲಸಕ್ಕೆ ಬರುವ ಉಪಕರಣ ಎಂಟು ಮಾನದಂಡಗಳು. ನಾಲ್ಕು ಜೋಡಿ ಪ್ರಶ್ನೆಗಳು: ಹೊರಗೋ ಒಳಗೋ, ತಂಪೋ ಬಿಸಿಯೋ, ಕೊರತೆಯೋ ತುಂಬಿ ತಡೆದದ್ದೋ, ಒಟ್ಟಿನಲ್ಲಿ ಯಿನ್ನೋ ಯಾಂಗೋ. ಜುಲೈ ತಿಂಗಳು, ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಾ ಮೂವರು ನೆನೆದರು ಎಂದುಕೊಳ್ಳಿ. ಮರುದಿನ ಮೂವರಿಗೂ 'ಶೀತ'.

ಮೊದಲನೆಯವರಿಗೆ ಚಳಿ ಚಳಿ, ಹೊದಿಕೆ ಎಳೆದುಕೊಳ್ಳುವ ಆಸೆ, ಕುತ್ತಿಗೆಯ ಹಿಂದೆ ಬಿಗಿತ, ಮೂಗಿನಿಂದ ನೀರಿನಂತೆ ಸುರಿತ. ಬೆವರಿಲ್ಲ. ನಾಲಿಗೆಯ ಮೇಲೆ ತೆಳು ಬಿಳಿ ಲೇಪ. ಇದು ಹೊರಗಿನದು, ತಂಪು, ತುಂಬಿ ತಡೆದದ್ದು. ಬೆವರಿಸಿ ಹೊರಗೆ ಕಳಿಸಬೇಕು.

ಎರಡನೆಯವರಿಗೆ ಚಳಿ ಕಡಿಮೆ, ಗಂಟಲು ಉರಿ, ಬಾಯಾರಿಕೆ, ಹಳದಿ ಕಫ, ನಾಲಿಗೆಯ ತುದಿ ಕೆಂಪು. ಇದೂ ಹೊರಗಿನದೇ, ಆದರೆ ಬಿಸಿ. ಮೊದಲನೆಯವರಿಗೆ ಕೊಟ್ಟ ಶುಂಠಿ ಕಷಾಯವನ್ನು ಇವರಿಗೂ ಕೊಟ್ಟರೆ ಸಂಜೆಯೊಳಗೆ ಗಂಟಲು ಇನ್ನಷ್ಟು ಕೆಂಪಾಗುತ್ತದೆ. ಮನೆಮದ್ದು 'ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ' ಎನ್ನುವುದಕ್ಕೆ ಚೀನೀ ವೈದ್ಯರು ಕೊಡುವ ಕಾರಣ ಇದೇ.

ಮೂರನೆಯವರಿಗೆ ಮೂಗು ಗಂಟಲು ಏನೂ ಇಲ್ಲ. ತಲೆಗೆ ಒದ್ದೆ ಬಟ್ಟೆ ಸುತ್ತಿದಂತೆ, ಕೈಕಾಲು ಭಾರ, ಹಸಿವಿಲ್ಲ, ಬಾಯಿ ಅಂಟಂಟು, ಮಲವೂ ಅಂಟಂಟು. ನಾಲಿಗೆ ಉಬ್ಬಿ ಅಂಚಿನಲ್ಲಿ ಹಲ್ಲಿನ ಗುರುತು, ಮೇಲೆ ದಪ್ಪ ಜಿಡ್ಡಿನ ಬಿಳಿ ಲೇಪ. ಇದು 'ಶಿ', ಅಂದರೆ ತೇವ. ಒಲೆ ಮಂದವಾಗಿ ಪಾತ್ರೆಯಲ್ಲಿ ನೀರು ನಿಂತ ಸ್ಥಿತಿ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಹೆಚ್ಚು ಕಾಣುವುದು ಇದೇ. ಮನೆಯ ಗೋಡೆ ಬೆವರುವ, ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದ ಕಾಲದಲ್ಲಿ ಮೈ ಮಾತ್ರ ಹೇಗೆ ಒಣಗೀತು ಎಂಬುದು ಅವರ ತರ್ಕ. ಅಂಥ ಹೊತ್ತಿಗೆ ಮಳೆ ನೋಡುತ್ತಾ ಎರಡು ಪ್ಲೇಟ್ ಗೋಳಿಬಜೆ, ಮೇಲಿಂದ ಐಸ್‌ಕ್ರೀಮು. ಇದಕ್ಕಿಂತ ಚೆನ್ನಾಗಿ 'ಶಿ'ಯನ್ನು ಸಾಕುವ ದಾರಿ ಇಲ್ಲ.

ನಮ್ಮ ಹಿರಿಯರು ಆಟಿ ತಿಂಗಳಿಗೆ ಬೇರೆ ಊಟ ಇಟ್ಟದ್ದು, ಆಟಿ ಅಮಾವಾಸ್ಯೆಗೆ ಪಾಲೆಯ ಕೆತ್ತೆಯ ಕಷಾಯ ಕುಡಿದದ್ದು ಇದೇ ಹವೆಗೆ ಕೊಟ್ಟ ಉತ್ತರ. ಹಾಗೆಂದು ಎರಡೂ ಒಂದೇ ಶಾಸ್ತ್ರ ಎಂದು ಕಲಸಬೇಡಿ. ಅಲ್ಲದೆ ಪಾಲೆ ಎಂದುಕೊಂಡು ಬೇರೆ ಮರದ ತೊಗಟೆ ಕೆತ್ತಿ ತಂದರೆ ಅಪಾಯ. ಮರ ಗುರುತಿಸುವವರು ಜೊತೆಗಿಲ್ಲದೆ ಆ ಕೆಲಸ ಬೇಡ.

ನಾಲಿಗೆ ನೋಡುವ ಕ್ರಮ

ಕಲಿಯುವವರು ಮೊದಲು ಪಳಗಿಸಬೇಕಾದದ್ದು ಕಣ್ಣು. ಬೆಳಿಗ್ಗೆ ಎದ್ದು, ಹಲ್ಲುಜ್ಜುವ ಮೊದಲು, ಏನೂ ಕುಡಿಯದೆ, ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಲ್ಲಿ. ಟ್ಯೂಬ್‌ಲೈಟಿನಲ್ಲಿ ಎಲ್ಲರ ನಾಲಿಗೆಯೂ ಬಿಳಿಚಿಕೊಳ್ಳುತ್ತದೆ, ಹಳದಿ ಬಲ್ಬಿನಲ್ಲಿ ಎಲ್ಲರಿಗೂ ಹಳದಿ ಲೇಪ. ಬಾಯಿ ತೆರೆದು ನಾಲಿಗೆಯನ್ನು ಬಲವಂತ ಮಾಡದೆ ಹೊರಗೆ ಬಿಡಿ. ಹತ್ತು-ಹದಿನೈದು ಸೆಕೆಂಡಿನಲ್ಲಿ ನೋಡಿ ಮುಗಿಸಿ; ಹೆಚ್ಚು ಹೊತ್ತು ಚಾಚಿದರೆ ರಕ್ತ ನಿಂತು ಬಣ್ಣ ಕಪ್ಪೇರುತ್ತದೆ. ಸರಿ ಕಾಣದಿದ್ದರೆ ಒಳಗೆ ಎಳೆದು, ಅರ್ಧ ನಿಮಿಷ ಬಿಟ್ಟು ಮತ್ತೆ.

ನೋಡುವ ಕ್ರಮ ಹೀಗೆ. ಮೊದಲು ಲೇಪ ಬಿಟ್ಟು ಮಾಂಸದ ಬಣ್ಣ: ತಿಳಿಗೆಂಪು ಸಹಜ, ಬಿಳಿಚಿದ್ದರೆ ಚೀ ಅಥವಾ ರಕ್ತದ ಕೊರತೆ ಇಲ್ಲವೇ ತಂಪು, ಕಡುಗೆಂಪು ಬಿಸಿ, ನೇರಳೆ ರಕ್ತ ಹರಿಯದೆ ನಿಂತದ್ದು. ಆಮೇಲೆ ಆಕಾರ: ಉಬ್ಬು, ಸಣಕಲು, ಸೀಳು, ಹಲ್ಲಿನ ಗುರುತು. ಕೊನೆಗೆ ಲೇಪ: ತೆಳು ಬಿಳಿ ಸಹಜ, ದಪ್ಪ ಜಿಡ್ಡು ತೇವ, ಹಳದಿ ಬಿಸಿ, ಅಲ್ಲಲ್ಲಿ ಕಿತ್ತು ಬಂದಂತಿದ್ದರೆ ಯಿನ್ ಕೊರತೆ. ತುದಿ ಹೃದಯ-ಶ್ವಾಸಕೋಶಕ್ಕೆ, ಅಂಚು ಯಕೃತ್ತಿಗೆ, ನಡು ಜೀರ್ಣಕ್ಕೆ, ಬುಡ ಮೂತ್ರಪಿಂಡಕ್ಕೆ ಎಂದು ಹಂಚಿಕೆ.

ಕರಾವಳಿಯಲ್ಲಿ ತಪ್ಪು ಓದಿಗೆ ಕಾರಣಗಳು ಗೊತ್ತಿರುವವೇ. ಎಲೆ-ಅಡಿಕೆ ಹಾಕುವವರ ನಾಲಿಗೆ ಕೆಂಪು-ಕಂದು. ಅದು ಬಿಸಿಯ ಲಕ್ಷಣ ಅಲ್ಲ. ಪುನರ್ಪುಳಿ ಶರಬತ್ತು ಕುಡಿದು ಬಂದವರಿಗೆ 'ರಕ್ತ ನಿಂತಿದೆ' ಎಂದರೆ ನಗೆಪಾಟಲು. ಕಾಫಿ ಕುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಕಾಯಬೇಕು. ದಿನಾ ನಾಲಿಗೆ ಕೆರೆಯುವವರಲ್ಲಿ ಲೇಪದಿಂದ ಏನೂ ತಿಳಿಯುವುದಿಲ್ಲ, ಹಿಂದಿನ ದಿನವೇ ಕೆರೆಯಬೇಡಿ ಎಂದು ಹೇಳಿರಬೇಕು. ಗಂಭೀರವಾದ ಇನ್ನೊಂದಿದೆ: ಅಡಿಕೆ, ತಂಬಾಕು ಹಾಕುವವರ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು-ಮೂರು ವಾರಕ್ಕೂ ಒಣಗದ ಹುಣ್ಣು ಕಂಡರೆ ಅದು 'ಲೇಪ' ಅಲ್ಲ. ಅದೇ ವಾರ ದಂತವೈದ್ಯರಿಗೆ ತೋರಿಸಬೇಕು.

ಮೂರು ವಾರ ದಿನಾ ಒಂದು ಸಾಲು ಬರೆದಿಡಿ. ತಾರೀಕು, ಹಿಂದಿನ ರಾತ್ರಿಯ ಊಟ, ನಿದ್ದೆ, ನಾಲಿಗೆ. ಮದುವೆ ಊಟದ ಮರುದಿನ, ಉಪವಾಸದ ಮರುದಿನ ಲೇಪ ಹೇಗೆ ಬದಲಾಗುತ್ತದೆ ಎಂದು ನಿಮ್ಮದೇ ನಾಲಿಗೆಯಲ್ಲಿ ಕಂಡ ಮೇಲೆ ಪುಸ್ತಕದ ಚಿತ್ರಗಳು ಬೇಡವಾಗುತ್ತವೆ.

ನಾಡಿಯ ಬಗ್ಗೆ ಇಲ್ಲಿ ಕಡಿಮೆ ಹೇಳುವುದೇ ಒಳ್ಳೆಯದು. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಎದ್ದಿರುವ ಎಲುಬಿನ ಗುಬ್ಬಿಗೆ ಸರಿಯಾಗಿ ಮೊದಲು ನಡುಬೆರಳು, ಅಂಗೈ ಕಡೆಗೆ ತೋರುಬೆರಳು, ಮೊಣಕೈ ಕಡೆಗೆ ಉಂಗುರದ ಬೆರಳು. ಎಡಗೈಯಲ್ಲಿ ಅನುಕ್ರಮವಾಗಿ ಹೃದಯ, ಯಕೃತ್ತು, ಮೂತ್ರಪಿಂಡ. ಬಲಗೈಯಲ್ಲಿ ಶ್ವಾಸಕೋಶ, ಪಿ, ಮೂತ್ರಪಿಂಡದ ಯಾಂಗ್. ಹಗುರಕ್ಕೆ, ಮಧ್ಯಮಕ್ಕೆ, ಒತ್ತಿ ಎಂದು ಮೂರು ಸಲ ನೋಡಬೇಕು. ನೋಡುವವರ ಒಂದು ಉಸಿರಿಗೆ ನಾಲ್ಕೈದು ಬಡಿತ ಸಹಜ. ಶಾಸ್ತ್ರದಲ್ಲಿ ನಾಡಿಯ ಬಗೆ 28. ಕಲಿಯುವವರಿಗೆ ಮೊದಲ ವರ್ಷ ತೇಲು-ಮುಳುಗು, ನಿಧಾನ-ವೇಗ, ಬಲ-ದುರ್ಬಲ ಸಾಕು. ಮೆಟ್ಟಿಲು ಹತ್ತಿ ಬಂದವರ ನಾಡಿಯನ್ನು ಹತ್ತು ನಿಮಿಷ ಕೂರಿಸದೆ ಹಿಡಿಯಬೇಡಿ. ನಾಡಿ ಹಿಡಿದು ಬಸಿರು ಹೇಳುವ ಸಾಹಸವೂ ಬೇಡ, ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಕಿಟ್ ಸಿಗುತ್ತದೆ.

ಅಳತೆ ಅವರವರ ಬೆರಳಿಗೆ

ಮೈಮೇಲೆ ಚೀ ಹರಿಯುತ್ತದೆ ಎನ್ನುವ 14 ನಾಳಗಳಲ್ಲಿ ಒತ್ತುವ, ಸೂಜಿ ಚುಚ್ಚುವ 361 ಬಿಂದುಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿ ಸಂಖ್ಯೆ ಕೊಟ್ಟಿದೆ. ಮನೆಯಲ್ಲಿ ಒತ್ತಲು ಎರಡು ಸಾಕು. ಅಳತೆಯ ಮಾನ 'ತ್ಸುನ್': ಹೆಬ್ಬೆರಳಿನ ಗೆಣ್ಣಿನ ಅಗಲ ಒಂದು ತ್ಸುನ್, ನಾಲ್ಕು ಬೆರಳು ಜೋಡಿಸಿದರೆ ನಡುಗೆಣ್ಣಿನ ಸಾಲಿನಲ್ಲಿ ಮೂರು ತ್ಸುನ್. ಬೆರಳು ರೋಗಿಯದೇ ಆಗಿರಬೇಕು. ಅಪ್ಪನ ಬೆರಳಿನಿಂದ ಮಗುವಿನ ಕಾಲು ಅಳೆದರೆ ಬಿಂದು ಇಂಚುಗಟ್ಟಲೆ ತಪ್ಪುತ್ತದೆ, ಹೊಸಬರು ಮಾಡುವ ಮೊದಲ ತಪ್ಪು ಇದೇ.

ನೇಯ್‌ಗ್ವಾನ್, ಅಂದರೆ ಪಿಸಿ 6: ಅಂಗೈ ಮೇಲೆ ಮಾಡಿ. ಮಣಿಕಟ್ಟಿನ ಗೆರೆಯಿಂದ ಎರಡು ತ್ಸುನ್ ಮೊಣಕೈ ಕಡೆಗೆ, ಮುಷ್ಟಿ ಬಿಗಿದು ಸ್ವಲ್ಪ ಮಡಿಸಿದಾಗ ಎದ್ದು ಕಾಣುವ ಎರಡು ನರಗಳ ನಡುವೆ. (ನರ ಎನ್ನುವುದು ರೂಢಿ, ನಿಜಕ್ಕೂ ಅವು ಸ್ನಾಯುಬಂಧಗಳು. ಕೆಲವರಲ್ಲಿ ಒಂದೇ ಇರುತ್ತದೆ, ಆಗ ಅದರ ಹೆಬ್ಬೆರಳ ಕಡೆಯ ತಗ್ಗಿನ ಬದಲು ಕೈಯ ನಡುಗೆರೆಯನ್ನೇ ಹಿಡಿಯಿರಿ.) ವಾಂತಿ, ವಾಕರಿಕೆಗೆ ಇದು. ಇಡೀ ಶಾಸ್ತ್ರದಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದ ಬಿಂದುಗಳಲ್ಲಿ ಒಂದು. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಆಧಾರ ಗಟ್ಟಿ, ಪ್ರಯಾಣದ ವಾಂತಿಗೆ ಫಲಿತಾಂಶ ಮಿಶ್ರ. ಒತ್ತಿ ನೋಡಿದರೆ ನಷ್ಟವಂತೂ ಇಲ್ಲ. ಚಾರ್ಮಾಡಿ ಹತ್ತುವವರು ಉಜಿರೆ ದಾಟುವಾಗಲೇ, ಆಗುಂಬೆಗೆ ಹೋಗುವವರು ಹೆಬ್ರಿಯಲ್ಲೇ ಶುರು ಮಾಡಬೇಕು. ತಿರುವು ಶುರುವಾಗಿ ಬಾಯಲ್ಲಿ ನೀರೂರಿದ ಮೇಲೆ ಒತ್ತಿದರೆ ತಡವಾಯಿತು. ಹೆಬ್ಬೆರಳಿನಿಂದ ನಿಧಾನ ಒತ್ತಿ, ಎರಡು-ಮೂರು ನಿಮಿಷ ಹಿಡಿದು, ಇನ್ನೊಂದು ಕೈಗೆ ಬದಲಿಸಿ.

ಝೂಸಾನ್‌ಲಿ, ಅಂದರೆ ಎಸ್‌ಟಿ 36: ಕುರ್ಚಿಯಲ್ಲಿ ಕುಳಿತು ಮೊಣಕಾಲು ಮಡಿಸಿ. ಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಒಂದು ಗುಳಿ ಸಿಗುತ್ತದೆ. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಎಲುಬಿನ ಅಂಚಿನಿಂದ ಒಂದು ಬೆರಳಗಲ ಹೊರಗೆ. ಸರಿಯಾದ ಜಾಗಕ್ಕೆ ಒತ್ತಿದರೆ ಚುಚ್ಚು ನೋವಲ್ಲ. ಭಾರ, ಜೋಮು, ಪಾದದ ಕಡೆಗೆ ಎಳೆತ ಬರುತ್ತದೆ. ಈ ಅನುಭವಕ್ಕೆ 'ದಚೀ' ಎನ್ನುತ್ತಾರೆ, ಚೀ ಸಿಕ್ಕಿತು ಎಂದು. ಎಲುಬಿನ ಮೇಲೇ ಒತ್ತಿ 'ಏನೂ ಆಗಲಿಲ್ಲ' ಎನ್ನುವವರು ಬಹಳ. ಹಸಿವು ಮಂದ, ಹೊಟ್ಟೆ ಉಬ್ಬರ, ಕಾಲು ಸೋತದ್ದು ಇದ್ದಾಗ ದಿನಕ್ಕೊಮ್ಮೆ ಒಂದೊಂದು ಕಾಲಿಗೆ ಎರಡು ನಿಮಿಷ. ಕಾಲಿನ ರಕ್ತನಾಳ ಉಬ್ಬಿದ್ದಲ್ಲಿ, ಹುಣ್ಣಿದ್ದಲ್ಲಿ ಒತ್ತಬಾರದು. ಒಂದೇ ಕಾಲು ಬಾತು ಬಿಸಿಯಾಗಿದ್ದರೆ ಒತ್ತಲೂಬಾರದು, ತಿಕ್ಕಲೂಬಾರದು; ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆಸ್ಪತ್ರೆಗೆ ಹೋಗಬೇಕು.

ಹೆಬ್ಬೆರಳು-ತೋರುಬೆರಳಿನ ನಡುವಿನ ಹಗು, ಒಳಗಣಕಾಲಿನ ಮೇಲಿನ ಸಾನ್‌ಯಿನ್‌ಜಿಯಾವ್ ಎಂಬ ಬಿಂದುಗಳೆರಡೂ ಹೆಸರುವಾಸಿ. ಬಸುರಿಯರಿಗೆ ಶಾಸ್ತ್ರವೇ ಬೇಡ ಎಂದು ಹೇಳುವುದರಿಂದ ಮನೆಯ ಪಟ್ಟಿಯಲ್ಲಿ ಅವನ್ನು ಸೇರಿಸಿಲ್ಲ.

ಕಷಾಯದ ಪಾತ್ರೆ, ನೀರು, ಹೊತ್ತು

ಸುಮಾರು ಕ್ರಿ.ಶ. 200ರ ಹೊತ್ತಿಗೆ ಬದುಕಿದ್ದ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯರು ಶೀತಜ್ವರಕ್ಕೆ ಕೊಟ್ಟ ಒಂದು ಕಷಾಯ ಇಂದಿಗೂ ಮೊದಲ ಪಾಠ. ದಾಲ್ಚೀನಿ ಕಡ್ಡಿ, ಬಿಳಿ ಪಿಯೊನಿ ಬೇರು, ಹಸಿಶುಂಠಿ, ಕೆಂಪು ಎಲಚಿ, ಹುರಿದ ಜ್ಯೇಷ್ಠಮಧು. ಐದೇ ವಸ್ತು. ಸೊಗಸು ಇರುವುದು ಕುಡಿದ ಮೇಲಿನ ಸೂಚನೆಯಲ್ಲಿ: ಸ್ವಲ್ಪ ಹೊತ್ತು ಬಿಟ್ಟು ಬಿಸಿ ಬಿಸಿ ತಿಳಿ ಗಂಜಿ ಕುಡಿಯಬೇಕು, ಹೊದ್ದು ಮಲಗಬೇಕು, ಮೈತುಂಬ ಸಣ್ಣಗೆ ಬೆವರು ಒಡೆಯಬೇಕು, ನೀರು ಹರಿದಂತೆ ಬೆವರಬಾರದು. ಹಾಗೆ ಬೆವರಿದರೆ ಕಾಯಿಲೆ ಹೋಗುವುದಿಲ್ಲ, ಬಲ ಹೋಗುತ್ತದೆ. ಒಂದು ಸಲಕ್ಕೆ ಗುಣವಾದರೆ ಉಳಿದದ್ದನ್ನು ಕುಡಿಯುವುದು ಬೇಡ. ಹಸಿ, ತಣ್ಣನೆಯ, ಜಿಡ್ಡಿನ ಆಹಾರ, ಮಾಂಸ, ಮದ್ಯ ಬೇಡ.

ಇದನ್ನು ಇಲ್ಲಿಯ ಗ್ರಂಧಿಗೆ ಅಂಗಡಿಯ ಸಾಮಾನಿನಿಂದ ಮಾಡಲು ಹೋಗುವವರು ಮೂರು ಕಡೆ ತಪ್ಪುತ್ತಾರೆ. ಅಲ್ಲಿ ಬೇಕಾದದ್ದು ದಾಲ್ಚೀನಿಯ ಎಳೆ ಕಡ್ಡಿ. ಅಂಗಡಿಯ ಚಕ್ಕೆ ತೊಗಟೆ, ಬೇರೆಯೇ ಮದ್ದಾಗಿ ಎಣಿಸುವಷ್ಟು ಬಿಸಿ. (ದಾಲ್ಚೀನಿ ಎಂಬ ಹೆಸರಿನಲ್ಲೇ ಚೀನಾ ಇದೆ, ಪಾರಸಿಯಲ್ಲಿ 'ಚೀನಾದ ಮರ' ಎಂದು.) ಕೆಂಪು ಎಲಚಿಯ ಬದಲು ಖರ್ಜೂರ ಹಾಕುತ್ತಾರೆ, ಎರಡಕ್ಕೂ ಸಂಬಂಧವೇ ಇಲ್ಲ. ಹಸಿಶುಂಠಿಯ ಬದಲು ಒಣಶುಂಠಿ ಹಾಕುತ್ತಾರೆ. ಹಸಿಯದು ಹೊರಗೆ ತಳ್ಳುತ್ತದೆ, ಒಣಗಿದ್ದು ಹೊಟ್ಟೆಯೊಳಗೆ ಕಾಯಿಸುತ್ತದೆ. ಇನ್ನು ಬಿ.ಪಿ. ಇದ್ದವರು ಜ್ಯೇಷ್ಠಮಧುವನ್ನು ದಿನಗಟ್ಟಲೆ ಸೇವಿಸಿದರೆ ಒತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಆದ್ದರಿಂದ ಇದನ್ನು ಓದಲು ಇಟ್ಟುಕೊಳ್ಳಿ. ಮಾಡಲು ಇನ್ನೂ ಸರಳವಾದದ್ದಿದೆ.

ಮಳೆಯಲ್ಲಿ ನೆನೆದು ಚಳಿ ಹಿಡಿದ ಮೊದಲ ದಿನ, ಮೇಲೆ ಹೇಳಿದ ಮೊದಲನೆಯವರ ಲಕ್ಷಣ ಇದ್ದಾಗ ಮಾತ್ರ: ಹಸಿಶುಂಠಿ 10 ಗ್ರಾಂ ತೆಳುವಾಗಿ ಹೆಚ್ಚಿ, 300 ಮಿಲಿ ನೀರಿನಲ್ಲಿ 8–10 ನಿಮಿಷ ಕುದಿಸಿ, 15 ಗ್ರಾಂ ಓಲೆಬೆಲ್ಲ ಕರಗಿಸಿ, ಬಿಸಿಯಿರುವಾಗಲೇ ಕುಡಿದು ಹೊದ್ದುಕೊಳ್ಳಿ. ಚೀನಾದ ಮನೆಗಳಲ್ಲಿ ಕೆಂಪು ಸಕ್ಕರೆ ಹಾಕುತ್ತಾರೆ. ಮುಚ್ಚಳ ಮುಚ್ಚಿಯೇ ಕುದಿಸಬೇಕು, ಕೆಲಸ ಮಾಡುವುದು ಆ ಘಾಟೇ. ಅರ್ಧ ಗಂಟೆ ಕುದಿಸಿದರೆ ಖಾರ ಉಳಿದು ಪರಿಮಳ ಹಾರಿಹೋಗುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಿ. ಗಂಟಲು ಉರಿ ಇದ್ದರೆ, ಹಳದಿ ಕಫ ಇದ್ದರೆ ಇದು ಬೇಡವೇ ಬೇಡ.

ಮೂರನೆಯವರಿಗೆ, ಅಂದರೆ 'ಶಿ'ಗೆ, ಕಿತ್ತಳೆ ಸಿಪ್ಪೆ. ಸಡಿಲ ಸಿಪ್ಪೆಯ ಕೊಡಗಿನ ಕಿತ್ತಳೆ ಚೀನೀಯರು ಬಳಸುವ ಜಾತಿಗೇ ಸೇರಿದ್ದು. ಅಂಗಡಿಯಲ್ಲಿ ಹೊಳೆಯುವ ಬಿಗಿ ಸಿಪ್ಪೆಯದು ಬೇರೆ, ಅದಕ್ಕೆ ಮೇಣವೂ ಬಳಿದಿರಬಹುದು. ಸಿಪ್ಪೆಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಬೇಸಿಗೆಯ ಬಿಸಿಲಿನಲ್ಲಿ ಮುರಿದರೆ ಪಟ್ಟೆನ್ನುವಷ್ಟು ಒಣಗಿಸಿ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಹಳೆಯದಾದಷ್ಟೂ ಒಳ್ಳೆಯದು ಎಂಬ ಲೆಕ್ಕ. ಅದರ ಚೀನೀ ಹೆಸರಾದ 'ಚೆನ್‌ಪಿ'ಗೆ ಅರ್ಥವೇ 'ಹಳೆಯ ಸಿಪ್ಪೆ'. 5 ಗ್ರಾಂ ಸಿಪ್ಪೆ, ಮೂರು ಬಿಲ್ಲೆ ಶುಂಠಿ, 400 ಮಿಲಿ ನೀರು, ಸಣ್ಣ ಉರಿಯಲ್ಲಿ 15 ನಿಮಿಷ. ಬೆಳಿಗ್ಗೆ ಅರ್ಧ, ಮಧ್ಯಾಹ್ನ ಅರ್ಧ, ನಾಲ್ಕೈದು ದಿನ. ಜೊತೆಗೆ ಮೊಸರು, ಸಿಹಿ, ಕರಿದದ್ದು ಬಿಟ್ಟು ಬಿಸಿ ಕುಚ್ಚಲಕ್ಕಿ ಗಂಜಿ. ಕಷಾಯ ಕುಡಿದು ಗೋಳಿಬಜೆಯನ್ನೂ ತಿಂದರೆ ಲೆಕ್ಕ ಸರಿಸಮ. ನಾಲಿಗೆ ಕೆಂಪಾಗಿ ಒಣಗಿದ್ದರೆ ಇದು ಸಲ್ಲದು, ಇನ್ನೂ ಒಣಗಿಸುತ್ತದೆ.

ವೈದ್ಯರು ಪೊಟ್ಟಣ ಕಟ್ಟಿಕೊಟ್ಟರೆ ಕಾಯಿಸುವ ಸಾಮಾನ್ಯ ರೀತಿ ಹೀಗೆ. ಪಾತ್ರೆ ಮಣ್ಣಿನದು, ಸ್ಟೀಲು ಅಥವಾ ಗಾಜಿನದು. ಕಬ್ಬಿಣ, ಅಲ್ಯೂಮಿನಿಯಂ ಬೇಡ, ಮದ್ದಿನ ಒಗರಿನೊಂದಿಗೆ ಸೇರಿ ಬಣ್ಣ ಗುಣ ಎರಡೂ ಕೆಡುತ್ತವೆ. ಮಣ್ಣಿನ ಪಾತ್ರೆ ಹೊಸದಾಗಿರಲಿ. ಮೀನು ಬೇಯಿಸಿದ ಬಿಸಲೆ ತೊಳೆದರೂ ಬಂಗುಡೆಯ ನೆನಪು ಬಿಡುವುದಿಲ್ಲ. ಮದ್ದು ಮುಳುಗಿ ಮೇಲೆ ಎರಡು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಿ ಅರ್ಧ ಗಂಟೆ ನೆನೆಸಿ. ದೊಡ್ಡ ಉರಿಯಲ್ಲಿ ಕುದಿ ಬಂದ ಮೇಲೆ ಉರಿ ಇಳಿಸಿ. ಶೀತಕ್ಕೆ ಕೊಟ್ಟದ್ದಾದರೆ 10–15 ನಿಮಿಷ, ಬಲಕ್ಕೆ ಕೊಟ್ಟದ್ದಾದರೆ 45–60 ನಿಮಿಷ. ಸೋಸಿ, ಅದೇ ಚರಟಕ್ಕೆ ಮತ್ತೆ ನೀರು ಹಾಕಿ ಇನ್ನೊಮ್ಮೆ ಕಾಯಿಸಿ, ಎರಡನ್ನೂ ಬೆರೆಸಿ ಎರಡು ಪಾಲು ಮಾಡಿ. ಮೊದಲ ಸಲದ್ದು ಬೆಳಿಗ್ಗೆ, ಎರಡನೆಯದು ಸಂಜೆ ಎಂದು ಬೆರೆಸದೆ ಕುಡಿದರೆ ಬೆಳಗಿನದು ಗಟ್ಟಿ, ಸಂಜೆಯದು ನೀರು. ಚಿಪ್ಪು, ಖನಿಜಗಳನ್ನು ಮೊದಲು ಅರ್ಧ ಗಂಟೆ ಒಂಟಿಯಾಗಿ ಕುದಿಸಬೇಕು, ಪುದೀನದಂತಹ ಪರಿಮಳದ ಸೊಪ್ಪು ಕೊನೆಯ ಐದು ನಿಮಿಷಕ್ಕೆ. ತಳ ಹಿಡಿದರೆ ಚೆಲ್ಲಿ. ನೀರು ಸೇರಿಸಿ ಉಳಿಸಲು ಹೋಗಬೇಡಿ.

ಎಲ್ಲಿ ನಿಲ್ಲಬೇಕು

'ಗಿಡಮೂಲಿಕೆ ತಾನೆ, ತೊಂದರೆ ಇಲ್ಲ' ಎನ್ನುವವರು ಬೆಲ್ಜಿಯಂನ ಪ್ರಕರಣ ಕೇಳಬೇಕು. 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಮಾತ್ರೆ ತಿಂದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು. ಹೆಸರಿನಲ್ಲಿ ಹೋಲುವ ಎರಡು ಚೀನೀ ಬೇರುಗಳು ಅದಲುಬದಲಾಗಿ, ಬೇಕಾದ ಬೇರಿನ ಜಾಗಕ್ಕೆ ಅರಿಸ್ಟೊಲೋಕಿಯಾ ಬಂದಿತ್ತು. ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುವುದಷ್ಟೇ ಅಲ್ಲ, ಕ್ಯಾನ್ಸರ್‌ಗೂ ಕಾರಣ. ನಮ್ಮ ಹಿತ್ತಿಲ ಈಶ್ವರಬಳ್ಳಿ ಅದೇ ಕುಲದ್ದು. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಎಂದು ಅದರ ಬೇರನ್ನು ತೇದು ಕುಡಿಯುವವರು ಇನ್ನೂ ಇದ್ದಾರೆ.

ಇದಕ್ಕೆ ವಿರುದ್ಧದ ಕಥೆಯೂ ಉಂಟು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬವರು ಜ್ವರಕ್ಕೆ ಒಂದು ಹಿಡಿ ಚಿಂಗ್‌ಹಾವ್ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ ಕುಡಿಯಿರಿ ಎಂದು ಬರೆದಿದ್ದರು. ಕುದಿಸಿ ಎಂದಿಲ್ಲ. ಈ ಸಣ್ಣ ವ್ಯತ್ಯಾಸವನ್ನು ಗಮನಿಸಿದ ಚೀನೀ ವಿಜ್ಞಾನಿ ತು ಯೂಯೂ ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. ಅದರಿಂದ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಮದ್ದು ಸಿಕ್ಕಿತು, 2015ರಲ್ಲಿ ನೊಬೆಲ್ ಬಂತು. ಮಂಗಳೂರಿನಲ್ಲಿ ಫಾಲ್ಸಿಪಾರಂ ಮಲೇರಿಯಾಕ್ಕೆ ಕೊಡುವ ಮಾತ್ರೆಯಲ್ಲಿ ಇರುವುದು ಅದರ ಸಂತತಿಯೇ. ಇದನ್ನು ಕೇಳಿ ದವನವನ್ನೋ ಮಾಚಿಪತ್ರೆಯನ್ನೋ ಕುದಿಸಿ ಕುಡಿಯುವುದು ಬೇಡ. ಅವು ಅದೇ ಕುಲ, ಅದೇ ಗಿಡವಲ್ಲ. ಮೇಲಾಗಿ ಕುದಿಸಿದರೆ ಇದ್ದದ್ದೂ ಹೋಗುತ್ತದೆ ಎಂಬುದೇ ಆ ಕಥೆ.

ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ದಾನ್‌ಶೆನ್, ದಾಂಗ್‌ಗುಯಿ ಬೇರುಗಳು ರಕ್ತಸ್ರಾವ ತರಬಲ್ಲವು. ಹೆಸರಿಲ್ಲದ, ಕನ್ನಡ ಇಂಗ್ಲಿಷ್ ಯಾವುದೂ ಇಲ್ಲದ ಪೊಟ್ಟಣದ ಚೀನೀ ಗುಳಿಗೆಗಳನ್ನು ಯಾರೂ ನುಂಗಬಾರದು. ನಮ್ಮ ಆಯುಷ್ ಪದ್ಧತಿಗಳಲ್ಲಿ ಚೀನೀ ವೈದ್ಯ ಸೇರಿಲ್ಲ. ಇಲ್ಲಿ ಮಾನ್ಯತೆ ಸಿಕ್ಕಿರುವುದು ಸೂಜಿ ಚಿಕಿತ್ಸೆಗೆ, ಅಂದರೆ ಅಕ್ಯುಪಂಕ್ಚರ್‌ಗೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಒಪ್ಪಿತು. ಉಜಿರೆಯ, ಮೂಡುಬಿದಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜುಗಳ ಐದೂವರೆ ವರ್ಷದ ಬಿ.ಎನ್.ವೈ.ಎಸ್. ಪದವಿಯಲ್ಲಿ ಅಕ್ಯುಪಂಕ್ಚರ್ ಪಾಠವೂ ಇದೆ. ಅಂಥ ಪದವಿ ಇದ್ದವರನ್ನೇ ಹುಡುಕಿ.

ಹೋದಲ್ಲಿ ನೋಡಬೇಕಾದದ್ದು: ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಹರಿಯಬೇಕು, ಬಳಸಿದ್ದು ಗಟ್ಟಿ ಡಬ್ಬಿಗೆ ಬೀಳಬೇಕು. 'ನಿಮ್ಮ ಸೂಜಿ ನಿಮಗೇ ಇಟ್ಟಿರುತ್ತೇವೆ, ಮುಂದಿನ ವಾರಕ್ಕೂ ಅದೇ' ಎಂದರೆ ಎದ್ದು ಬನ್ನಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮೊದಲ ಸಲ ತಲೆಸುತ್ತಿ ಬೀಳುವವರಲ್ಲಿ ಹೆಚ್ಚಿನವರು ತಿಂಡಿ ಬಿಟ್ಟು ಬಂದವರೇ. ಎದೆ, ಭುಜದ ಮೇಲ್ಭಾಗಕ್ಕೆ ಆಳವಾಗಿ ಚುಚ್ಚಿದರೆ ಶ್ವಾಸಕೋಶ ತೂತಾಗುವ ಅಪಾಯ ಉಂಟು. ಸೂಜಿ ಹಾಕಿಸಿಕೊಂಡ ಮೇಲೆ, ಅದೇ ದಿನವಾಗಲಿ ಮರುದಿನವಾಗಲಿ, ಉಸಿರೆಳೆದಾಗ ಎದೆ ಚುಚ್ಚಿದರೆ ತುರ್ತು ವಿಭಾಗಕ್ಕೆ ಹೋಗಿ 'ಇಂಥ ಕಡೆಗೆ ಸೂಜಿ ಹಾಕಿಸಿದ್ದೆ' ಎಂದು ಬಾಯಿಬಿಟ್ಟು ಹೇಳಿ. ಮಾಚಿಪತ್ರೆಯ ಜಾತಿಯ ಸೊಪ್ಪಿನ ಕಡ್ಡಿ ಹೊತ್ತಿಸಿ ಶಾಖ ಕೊಡುವುದಾದರೆ ಚರ್ಮದಿಂದ ಎರಡು-ಮೂರು ಸೆಂಟಿಮೀಟರ್ ದೂರ ಇರಲಿ, ಹತ್ತು-ಹದಿನೈದು ನಿಮಿಷಕ್ಕೆ ಚರ್ಮ ನಸುಗೆಂಪಾದರೆ ಸಾಕು. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯದು, ಅವರಿಗೆ ಅದು ಬೇಡ. ಮಳೆಗಾಲದಲ್ಲಿ ಆ ಕಡ್ಡಿ ತೇವ ಹೀರಿ ಹೊಗೆಯಷ್ಟೇ ಕೊಡುತ್ತದೆ. ಮೇ ತಿಂಗಳಲ್ಲೇ ಬಿಸಿಲಿಗೆ ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಕು. ಒಣ ಬೇರು-ಸಿಪ್ಪೆಗಳಿಗೂ ಹಾಗೆಯೇ. ಬೂಷ್ಟು ಹಿಡಿದದ್ದನ್ನು ಒರೆಸಿ ಕುದಿಸಿದರೂ ಅದರ ವಿಷ ಹೋಗುವುದಿಲ್ಲ. ತೆಂಗಿನ ಬುಡಕ್ಕೆ ಹಾಕಿ.